ಶ್ರವಣದ ಸಂಕಲ್ಪ

ಏಕಕಾಲದಲ್ಲಿ ಎರಡು ಜ್ಞಾನಗಳು ಹುಟ್ಟದಿರುವುದೇ ಮನಸ್ಸೆಂಬುದೊಂದು ಇದೆಯೆಂಬುದಕ್ಕೆ ಲಿಂಗ, ಎಂದರೆ ಗುರುತು, ಎಂದು ಗೌತಮನ ನ್ಯಾಯಸೂತ್ರಗಳು ನಿರ್ಣಯಿಸುತ್ತವೆ. ಕಣ್ಣು ರೂಪವನ್ನೂ ಕಿವಿ ಶಬ್ದವನ್ನೂ ಮೂಗು ಗಂಧವನ್ನೂ ಒಂದೇ ಕ್ಷಣದಲ್ಲಿ ಮುಟ್ಟುತ್ತಿದ್ದರೂ, ಅಣುಪ್ರಮಾಣದ ಮನಸ್ಸು ಯಾವ ಇಂದ್ರಿಯದೊಡನೆ ಕೂಡಿರುವುದೋ ಅದರ ವಿಷಯ ಮಾತ್ರ ನಮಗೆ ಅರಿವಾಗುತ್ತದೆ. ಬೃಹದಾರಣ್ಯಕೋಪನಿಷತ್ತಾದರೋ, ಮನಸ್ಸು ಬೇರೆಡೆಯಲ್ಲಿದ್ದುದರಿಂದ ಕೇಳಿಸಲಿಲ್ಲವೆಂದು ಜನರೆಲ್ಲ ದಿನವೂ ಆಡುವ ಸಾಮಾನ್ಯವಾದ ಮಾತನ್ನೇ ಆಧಾರವಾಗಿ ಹಿಡಿದು, ಕೇಳುವುದು ಮನಸ್ಸಿನಿಂದಲೇ ಎಂದು ಸಾರುತ್ತದೆ. ಕೇಳುವುದು ಮನಸ್ಸಿನಿಂದಲೇ ಆದಮೇಲೆ ಕೈಯಲ್ಲಿರುವ ಯಂತ್ರ ಯಾವುದಾದರೇನು? ಶಾಸ್ತ್ರವನ್ನು ಬಲ್ಲ ಹಿರಿಯರೊಬ್ಬರು ನನ್ನನ್ನು ಹೀಗೆ ಕೇಳಿದರು. ಹಾಡು ಕೇಳುವುದಕ್ಕಾಗಿ ಮೊಬೈಲನ್ನು ಬದಿಗಿಟ್ಟು, ಹಾಡುವುದೊಂದನ್ನುಳಿದು ಬೇರೇನನ್ನೂ ಮಾಡಲಾರದ ಪುಟ್ಟ ಮ್ಯೂಸಿಕ್ ಪ್ಲೇಯರೊಂದನ್ನು ನಾನು ಮತ್ತೆ ಹಿಡಿದದ್ದು ಅವರಿಗೆ ಸೋಜಿಗವಾಗಿತ್ತು.

ಇಂಥ ಯಂತ್ರಗಳ ಕಾಲ ಮುಗಿಯಿತೆಂದು ಲೋಕ ಬಗೆದಿದೆ. 1979ರಲ್ಲಿ ಜಪಾನಿನ ಸೋನಿಯವರ ವಾಕ್‌ಮನ್ ಬಂದಿತು. 2001ರಲ್ಲಿ ಐಪಾಡ್ ಬಂದು, 2022ರಲ್ಲಿ ಅದರ ತಯಾರಿಕೆ ನಿಂತಿತು. ಆದರೂ 2017ರಲ್ಲಿ ನಮ್ಮ ದೇಶದಲ್ಲಿಯೇ ಸರೆಗಮ ಕಂಪನಿಯು ಐದು ಸಾವಿರ ಹಾಡುಗಳನ್ನು ತುಂಬಿದ ಕಾರವಾನ್ ಎಂಬ ಪೆಟ್ಟಿಗೆಯನ್ನು ಹೊರತಂದಾಗ ಮನೆಮನೆಯ ವೃದ್ಧರು ಅದನ್ನು ಅಕ್ಕರೆಯಿಂದ ಬರಮಾಡಿಕೊಂಡರು. ಇದನ್ನು ಕೇವಲ ಹಳೆಯ ನೆನಪಿನ ಮೋಹವೆಂದು ತಳ್ಳಿಹಾಕುವುದು ಸರಿಯಲ್ಲ.

ಗೋವೆಯಲ್ಲಿ ಬಾಳುತ್ತಿರುವ ಕನ್ನಡಿಗನಾದ ನನಗೆ ಆ ಹಿರಿಯರ ಪ್ರಶ್ನೆಯೊಡನೆ ಮೊದಲು ಕಣ್ಣೆದುರಿಗೆ ಬರುವವರು ಇಲ್ಲಿನವರೇ ಆದ ಗಾಯಕಿ ಕೇಸರಬಾಯಿ ಕೇರಕರರು. ಫೋಂಡಾ ತಾಲ್ಲೂಕಿನ ಕೇರಿ ಎಂಬ ಗ್ರಾಮದಲ್ಲಿ 1892ರಲ್ಲಿ ಹುಟ್ಟಿದ ಆಕೆ, ಎಳವೆಯಲ್ಲಿ ಕೆಲವು ತಿಂಗಳು ಅಬ್ದುಲ್ ಕರೀಮಖಾನರಲ್ಲಿಯೂ, ಬಳಿಕ ರಾಮಕೃಷ್ಣಬುವಾ ವಝೆಯವರಲ್ಲಿಯೂ ಕಲಿತು, 1921ರಿಂದ ಜಯಪುರ–ಅತ್ರೌಲಿ ಘರಾಣೆಯ ಅಲ್ಲಾದಿಯಾಖಾನರ ಶಿಷ್ಯೆಯಾಗಿ, ಅನೇಕ ವರ್ಷಗಳ ಕಠಿಣ ಸಾಧನೆಯಿಂದ ಸುರಶ್ರೀಯೆಂಬ ಬಿರುದಿಗೆ ಪಾತ್ರರಾದವರು. ತಮ್ಮ ಗಾನದ ಗುಣಮಟ್ಟದ ವಿಷಯದಲ್ಲಿ ಅತ್ಯಂತ ನಿಷ್ಠುರರಾಗಿದ್ದ ಅವರು ಧ್ವನಿಮುದ್ರಣಕ್ಕೆ ಒಪ್ಪಿದ್ದು ಬಹಳ ವಿರಳ. ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ ಮಾತ್ರ ಹಿಡಿಸುತ್ತಿದ್ದ ಆ ಕಾಲದ 78 ಆರ್‌ಪಿಎಂ ತಟ್ಟೆಗಳಲ್ಲಿ, ಗಂಟೆಗಟ್ಟಲೆ ಅರಳತಕ್ಕ ರಾಗವನ್ನು ಅಡಗಿಸುವುದು ಅವರಿಗೆ ಎಷ್ಟು ಸಂಕಟವಾಗಿದ್ದೀತೆಂಬುದನ್ನು ಊಹಿಸಬಹುದು. ಆದರೂ ಆ ಕೆಲವೇ ತಟ್ಟೆಗಳಲ್ಲೊಂದರ ಭೈರವಿ, 1977ರಲ್ಲಿ ವೊಯೇಜರ್ ನೌಕೆಗಳೊಡನೆ ಆಕಾಶಕ್ಕೆ ಏರಿದ ಚಿನ್ನದ ಲೇಪದ ತಾಮ್ರದ ತಟ್ಟೆಯಲ್ಲಿ ಸೇರಿತು; ನೌಕೆಗಳು ಹೊರಟ ಕೆಲವೇ ದಿನಗಳಲ್ಲಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಹಾಡಿದವರು ತೀರಿಕೊಂಡರು. ಆ ತಟ್ಟೆಯ ಜೊತೆಗೆ ಅದನ್ನು ನುಡಿಸುವ ಮುಳ್ಳನ್ನೂ, ನುಡಿಸುವ ಬಗೆಯನ್ನು ತೋರುವ ಚಿತ್ರಗಳನ್ನೂ ಇರಿಸಿದ್ದಾರೆ. 2012ರಲ್ಲಿ ವೊಯೇಜರ್-1 ಸೌರಮಾರುತದ ವಲಯದ ಮೇರೆಯನ್ನೂ ದಾಟಿತು. ಅನಂತಕಾಲದಲ್ಲಿ ಎಂದಾದರೂ ಯಾವ ಜೀವಿಯಾದರೂ ಅದನ್ನು ಕೈಗೆತ್ತಿಕೊಂಡರೆ, ಮುಳ್ಳನ್ನಿಟ್ಟು ತಟ್ಟೆಯನ್ನು ತಿರುಗಿಸಿ ಅದರಲ್ಲಿ ಅಡಗಿರುವುದನ್ನು ಹೊರಪಡಿಸುವ ಒಂದೇ ಕಾರ್ಯ ಅದಕ್ಕಿರುವುದು. ಕೇಸರಬಾಯಿಯವರು ತಮ್ಮ ಜೀವಮಾನದುದ್ದಕ್ಕೂ ಬಯಸಿದ ಶ್ರೋತೃವಿಗೆ ಇದಕ್ಕಿಂತ ತಕ್ಕ ಏರ್ಪಾಡನ್ನು ನಾನು ಕಾಣೆ.

ಕೇಸರಬಾಯಿಯವರ ಘರಾಣೆಯ ಗಾನಕ್ಕೆ ಅವಧಾನ ಬೇಕೇ ಬೇಕು. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು ಅಲ್ಲಾದಿಯಾಖಾನರ ಪುತ್ರರಾದ ಮಂಜೀಖಾನರಿಂದಲೂ ಭೂರ್ಜೀಖಾನರಿಂದಲೂ ಪಡೆದ ಜೋಡುರಾಗಗಳಲ್ಲಿ ಬಸಂತಿ ಕೇದಾರವೊಂದಿದೆ: ಬಸಂತವೂ ಕೇದಾರವೂ ಅದರಲ್ಲಿ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಎಲ್ಲಿ ಒಂದು ಮುಗಿದು ಇನ್ನೊಂದು ತೊಡಗಿತೆಂಬ ಸಂಧಿಯನ್ನು ಹಿಡಿಯುವುದರಲ್ಲಿಯೇ ಅದರ ಆನಂದವಿದೆ, ಆ ಸಂಧಿಯಾದರೋ ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆದುಹೋಗುತ್ತದೆ. ಮೊಬೈಲಿನಲ್ಲಿ ಅದನ್ನು ಕೇಳುತ್ತಿರುವಾಗ ಬ್ಯಾಂಕಿನ ಸಂದೇಶವೊಂದು ಟಿಣ್ಣೆಂದರೆ ಸಾಕು. ನಾದ ಕಿವಿಯನ್ನು ಮುಟ್ಟುತ್ತಲೇ ಇರುತ್ತದೆ, ರಾಗ ಮಾತ್ರ ತಪ್ಪಿಹೋಗಿರುತ್ತದೆ. ಸಂದೇಶ ಬಾರದಿದ್ದರೂ, ಬರಬಹುದೆಂಬ ನಿರೀಕ್ಷೆಯೊಂದೇ ಮನಸ್ಸನ್ನು ಬಾಗಿಲ ಬಳಿಯಲ್ಲಿ ಕಾವಲಿಗೆ ನಿಲ್ಲಿಸುತ್ತದೆ.

ಇನ್ನು ಆ ಹಿರಿಯರ ಆಕ್ಷೇಪದ ಮಾತು. ಏಕಾಗ್ರತೆ ಮನಸ್ಸಿನ ಧರ್ಮವೇ ಹೊರತು ವಸ್ತುವಿನದಲ್ಲವೆಂಬುದು ನಿಜ. ಯಂತ್ರ ಒಂದನ್ನೇ ಮಾಡುವುದೆಂದ ಮಾತ್ರಕ್ಕೆ ಮನಸ್ಸೂ ಒಂದರಲ್ಲಿಯೇ ನಿಂತೀತೆಂದು ಯಾರೂ ಹೇಳಲಾರರು. ಪ್ಲೇಯರನ್ನು ಕಿವಿಗಿಟ್ಟುಕೊಂಡೇ ನಾಳೆಯ ಸಾಲದ ಕಂತನ್ನು ಲೆಕ್ಕ ಹಾಕಬಹುದು. ಆದರೆ ಹೊರಗಿನ ಉಪಕರಣವೆಲ್ಲ ವ್ಯರ್ಥವೆಂದು ಇದರಿಂದ ಹೊರಡುವುದಿಲ್ಲ. ಹಾಗಿದ್ದ ಪಕ್ಷದಲ್ಲಿ ಜಪಕ್ಕೆ ಮಾಲೆ ಏಕೆ, ಧ್ಯಾನಕ್ಕೆ ಆಸನವೇಕೆ? ಶರಣರು ಸರ್ವವ್ಯಾಪಿಯಾದ ಶಿವನನ್ನು ಅಂಗೈಯಷ್ಟಕ್ಕೆ ಇಳಿಸಿ ಇಷ್ಟಲಿಂಗವನ್ನಾಗಿ ಧರಿಸಿದ್ದೇಕೆ? ಪ್ಲೇಯರನ್ನು ಆ ಪವಿತ್ರ ವಸ್ತುವಿನ ಸಮಕ್ಕೆ ತರುವ ಉದ್ದೇಶ ನನಗೆ ಲೇಶಮಾತ್ರವೂ ಇಲ್ಲ. ಚಂಚಲವಾದ ದೃಷ್ಟಿಗೆ ನಿಲ್ಲಲು ಒಂದೇ ಒಂದು ಠಾವನ್ನು ಕೊಟ್ಟರೆ ಅದು ನಿಲ್ಲುವುದನ್ನು ಕಲಿಯುತ್ತದೆಂಬ ಅನುಭವ ನಮ್ಮ ಹಿರಿಯರಿಗಿತ್ತೆಂಬುದಷ್ಟೇ ನನ್ನ ಮಾತು.

ಇದಕ್ಕಿಂತ ಮುಖ್ಯವಾಗಿ ನನಗೆ ತೋರುವುದು ಸಂಕಲ್ಪದ ವಿಚಾರ. ಪೂಜೆಗೆ ಕುಳಿತವನು ಮೊದಲು ದೇಶಕಾಲಗಳನ್ನು ಉಚ್ಚರಿಸುತ್ತಾನೆ. ಈ ಕರಾವಳಿಯಲ್ಲಿ ಪರಶುರಾಮಕ್ಷೇತ್ರವೆಂದು ನೆಲವನ್ನು ಹೆಸರಿಸಿ, ಸಂವತ್ಸರ ಮಾಸ ತಿಥಿಗಳನ್ನು ಹೇಳಿ, ಇಂಥ ಕರ್ಮವನ್ನು ಮಾಡುತ್ತೇನೆಂದು ನಿಶ್ಚಯಿಸುತ್ತಾನೆ. ಆ ಹೊತ್ತಿಗೆ ಬೇರೆಲ್ಲ ಕರ್ಮಗಳನ್ನು ಬಿಟ್ಟೆನೆಂಬುದೂ ಅದರಲ್ಲಿಯೇ ಅಡಕವಾಗಿದೆ. ಮೊಬೈಲಿನಲ್ಲಿ ಹಾಡು ಕೇಳುವವನಿಗೆ ಈ ತ್ಯಾಗ ಸಾಧ್ಯವಾಗುವುದೇ ಇಲ್ಲ. ಕೋಟಿಗಟ್ಟಲೆ ಹಾಡುಗಳು ಬೆರಳ ತುದಿಯಲ್ಲಿರುವಾಗ, ಈಗ ಕೇಳುತ್ತಿರುವುದು ಆ ಕ್ಷಣದ ತಾತ್ಕಾಲಿಕ ಆಯ್ಕೆಯಾಗಿ ಉಳಿಯುತ್ತದೆ. ಮುಂದಿನದರ ಸೆಳೆತ ಅದರ ಬೆನ್ನಿಗೇ ಇರುತ್ತದೆ. ಪ್ಲೇಯರಿನ ಮೆಮರಿ ಕಾರ್ಡಿಗೆ ಹಾಡುಗಳನ್ನು ಹಿಂದಿನ ರಾತ್ರಿಯೇ ಆರಿಸಿ ತುಂಬಬೇಕು, ತುಂಬದಿದ್ದುದು ದಾರಿಯಲ್ಲಿ ಸಿಕ್ಕದು. ವಾಸ್ಕೊದಿಂದ ಪಣಜಿಯ ಬಸ್ಸು ಹತ್ತುವ ಮೊದಲೇ ಕೇಳುವುದೇನೆಂಬುದು ನಿಶ್ಚಿತವಾಗಿರುತ್ತದೆ, ಜುವಾರಿ ಸೇತುವೆಯ ಮೇಲೆ ಅದನ್ನು ಬದಲಿಸಲಾಗುವುದಿಲ್ಲ. ಈ ಕಟ್ಟು ನನಗೆ ಬಂಧನವೆನಿಸಿಲ್ಲ. ಬಹಳ ಕಾಲದ ಮೇಲೆ ಒಂದು ವಿಲಂಬಿತ ಖ್ಯಾಲನ್ನು ಆದಿಯಿಂದ ಅಂತ್ಯದವರೆಗೆ ಕೇಳಲಾದದ್ದು ಇದರಿಂದಲೇ.

ಒಂದು ಕೊರತೆಯನ್ನು ಮಾತ್ರ ಮುಚ್ಚಿಡಲಾರೆ. ಭಾಗವತದಲ್ಲಿ ಪ್ರಹ್ಲಾದನು ಎಣಿಸಿದ ನವವಿಧ ಭಕ್ತಿಯಲ್ಲಿ ಶ್ರವಣವೇ ಮೊದಲನೆಯದು; ಅದರ ಬೆನ್ನಿಗೇ ಬರುವುದು ಕೀರ್ತನ. ನಮ್ಮಲ್ಲಿ ಕೇಳುವವನೂ ಹಾಡುವವನೂ ಒಂದೇ ಸಭೆಯವರು. ಇಯರ್‌ಫೋನ್ ಈ ಎರಡನ್ನೂ ಬೇರ್ಪಡಿಸಿ ನನ್ನನ್ನು ಒಂಟಿಯಾಗಿಸುತ್ತದೆ, ಈ ವಿಷಯದಲ್ಲಿ ಪ್ಲೇಯರಿಗೂ ಮೊಬೈಲಿಗೂ ಭೇದವಿಲ್ಲ. ಅಂಥ ಸಭೆಗೆ ನಿದರ್ಶನವೊಂದು ಇಲ್ಲಿಯೇ ಇದೆ: ವಾಸ್ಕೊದ ದಾಮೋದರ ದೇವಸ್ಥಾನದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಾಂಕ್ರಾಮಿಕ ರೋಗದ ಭೀತಿಯಿಂದ ಊರು ನಡುಗಿದಾಗ ತೊಡಗಿದ ಭಜನಾ ಸಪ್ತಾಹವು ಇಂದಿಗೂ ಶ್ರಾವಣದಲ್ಲಿ ನಡೆಯುತ್ತದೆ. ದೇವರಿಗೆ ತೆಂಗಿನಕಾಯಿಯನ್ನು ಸಮರ್ಪಿಸಿ 24 ಗಂಟೆಗಳ ಅಖಂಡ ಭಜನೆಯನ್ನು ಆರಂಭಿಸುತ್ತಾರೆ. ಒಂದು ಮೇಳದವರು ನಿಲ್ಲಿಸುವಷ್ಟರಲ್ಲಿ ಇನ್ನೊಂದು ಮೇಳದವರು ಎತ್ತಿಕೊಳ್ಳುತ್ತಾರೆ. ಹೊರಗೆ ಜಾತ್ರೆಯ ಗದ್ದಲ, ಮಳೆ, ಬಳೆ ಬೆಂಡು ಬತ್ತಾಸುಗಳ ಅಂಗಡಿಗಳು. ಕೊಂಕಣಿಗರ ನಡುವೆ ಬಂದರಿನ ಕೂಲಿಗೆಂದು ಬಂದು ನೆಲೆಸಿದ ನಮ್ಮ ಬಿಜಾಪುರ, ಬಾಗಲಕೋಟೆಗಳ ಕಡೆಯವರೂ ಕೈಮುಗಿದು ನಿಂತಿರುತ್ತಾರೆ. ಅಷ್ಟು ಸದ್ದಿನ ನಡುವೆಯೂ ಅಲ್ಲಿ ನಿಂತವನ ಮನಸ್ಸು ತಾಳದೊಡನೆ ಕೂಡಿಯೇ ಇರುತ್ತದೆ. ಯಂತ್ರದ ನೆರವಿಲ್ಲದೆ ಇದು ಹೇಗಾಗುತ್ತದೆಂಬುದನ್ನು ಮನಸ್ಸಿನ ಅಣುತ್ವವೊಂದರಿಂದಲೇ ವಿವರಿಸಲಾಗುವುದೆಂದು ನನಗೆ ತೋರುವುದಿಲ್ಲ. ಬರುವ ಶ್ರಾವಣದಲ್ಲಿ ಆ ಹಿರಿಯರನ್ನು ಅಲ್ಲಿಗೇ ಕರೆದೊಯ್ದು ಈ ಚರ್ಚೆಯನ್ನು ಮುಂದುವರಿಸಬೇಕೆಂದಿದ್ದೇನೆ.