‘ಯಾಕೆ?’ ಎಂಬ ಸಾಲ

ಕಳೆದ ಬೇಸಿಗೆಯಲ್ಲಿ, ಟೊಮ್ಯಾಟೊ ಹೂ ಬಿಡುವ ಹೊತ್ತಿಗೆ ಸರಿಯಾಗಿ, ವಕ್ಕಲೇರಿಯ ಮಾವನ ತೋಟದಲ್ಲಿ ಬೋರ್‌ವೆಲ್ ನೀರು ನಿಂತಿತು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ; ಸಾವಿರ ಅಡಿ ದಾಟಿದ ಕೊಳವೆಬಾವಿ ಇಲ್ಲಿ ಯಾರಿಗೂ ಅಚ್ಚರಿಯಲ್ಲ. ಅಷ್ಟು ಆಳದಿಂದ ಮೋಟರ್ ಎತ್ತಬೇಕೆಂದರೆ ಗಾಡಿ, ಆಳುಗಳು, ಕೈಯಲ್ಲಿ ದುಡ್ಡು ಎಲ್ಲವೂ ಬೇಕು.

ಒಂದೊಂದೇ ಪ್ರಶ್ನೆ ಕೇಳುತ್ತಾ ಯಂತ್ರದ ದೋಷ ಪತ್ತೆಹಚ್ಚುವ ತಂತ್ರಾಂಶ ರೂಪಿಸುವುದೇ ನನ್ನ ಪಿಎಚ್‌.ಡಿ. ಕೆಲಸ. ಹೆಮ್ಮೆಯಿಂದ ಫೋನ್ ತೆರೆದೆ. ‘ಮೂರೂ ಫೇಸ್ ಬರುತ್ತಿವೆಯೇ?’ ಬರುತ್ತಿದ್ದವು. ‘ಸ್ಟಾರ್ಟರ್‌ನಲ್ಲಿ ಎಷ್ಟು ಆಂಪ್ಸ್ ತೋರಿಸುತ್ತಿದೆ?’

“ಅದ್ಯಾಕೆ ಕೇಳ್ತೈತೆ ಇದು?” ಎಂದರು ಮಾವ.

ತಂತ್ರಾಂಶದ ಬಳಿ ಉತ್ತರವಿರಲಿಲ್ಲ. ನಾನೇ ಹೇಳಿದೆ: ಮಾಮೂಲಿಗಿಂತ ಹೆಚ್ಚಿದ್ದರೆ ಪಂಪು ಎಲ್ಲೋ ಸಿಕ್ಕಿಕೊಂಡಿರಬಹುದು, ಇಲ್ಲವೇ ವೋಲ್ಟೇಜ್ ಕಡಿಮೆ. ಆಂಪ್ಸ್ ಕಡಿಮೆಯಿದ್ದರೆ ಮೋಟರ್ ತಿರುಗುತ್ತಿದೆ, ಆದರೆ ಎತ್ತಲು ನೀರಿಲ್ಲ. ಅಥವಾ ಮೋಟರಿಗೂ ಪಂಪಿಗೂ ನಡುವಿನ ಜೋಡಣೆ ಮುರಿದಿದೆ.

ಮುಳ್ಳು ಕೆಳಗಿತ್ತು. ಪರದೆಯ ಮೇಲೆ ಮುಂದಿನ ಸಾಲು ಬಂತು: ‘ಮೋಟರ್ ಮೇಲೆತ್ತಿ ಪರೀಕ್ಷಿಸಿ.’ ಮಾವ ಸ್ವಿಚ್ ಆರಿಸಿದರು. “ನೀರಿಲ್ದೆ ಇರಬಹುದು ಅಂತ ನೀನೇ ಅಂದ್ಯಲ್ಲ? ಬೆಳಗಾಗ್ಲಿ, ನೋಡಾಣ.”

ಬೆಳಿಗ್ಗೆ ಕಾಲು ಗಂಟೆ ನೀರು ಬಂದು ಮತ್ತೆ ನಿಂತಿತು. ಮೋಟರ್ ಕೆಟ್ಟಿರಲಿಲ್ಲ. ಬಾವಿ ಬತ್ತುತ್ತಿತ್ತು. ಕಾಯುವುದೂ ಒಂದು ಪರೀಕ್ಷೆ ಎಂಬುದನ್ನು ನಾನು ಬರೆದ ನಿಯಮಗಳಲ್ಲಿ ಸೇರಿಸಿರಲೇ ಇಲ್ಲ.

1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ‘ಮೈಸಿನ್’ ಎಂಬ ತಂತ್ರಾಂಶ ರೂಪುಗೊಂಡಿತು. ರಕ್ತದ ಸೋಂಕಿಗೆ ಕಾರಣವಾದ ಬ್ಯಾಕ್ಟೀರಿಯಾ ಯಾವುದಿರಬಹುದೆಂದು ಅದು ವೈದ್ಯರಿಗೆ ಪ್ರಶ್ನೆ ಹಾಕುತ್ತಿತ್ತು. ವೈದ್ಯರು ‘ಯಾಕೆ’ ಎಂದು ಟೈಪಿಸಿದರೆ, ಯಾವ ನಿಯಮಕ್ಕಾಗಿ ಆ ಪ್ರಶ್ನೆ ಕೇಳಿದೆನೆಂದು ವಿವರಿಸುತ್ತಿತ್ತು. ಇದನ್ನು ಒಂದು ಸೌಲಭ್ಯವೆಂದಷ್ಟೇ ನಾನು ಓದಿಕೊಂಡಿದ್ದೆ.

ಈಗ ಅದು ಋಣವೆಂದು ತೋರುತ್ತದೆ. ಅಗ್ಗದ ಪರೀಕ್ಷೆ ಮೊದಲು ಮಾಡು ಎನ್ನುವುದು ನಮ್ಮ ವಿದ್ಯೆಯ ಪಾಠ. ಆದರೆ ಅಗ್ಗ ಯಾರಿಗೆ? ‘ಮೇಲೆತ್ತಿ’ ಎಂಬ ಪದಕ್ಕೆ ನನಗೆ ಕಾಸೂ ಖರ್ಚಿಲ್ಲ. ದುಡ್ಡು ಹೊಂದಿಸಬೇಕಾದವರು ಮಾವ. ಮುಂದಿನ ಹೆಜ್ಜೆಯ ಬೆಲೆ ತೆರುವವರಿಗೆ ಅದರ ಕಾರಣ ಕೇಳುವ ಹಕ್ಕಿದೆ. ಕಾರಣ ಗೊತ್ತಾದರೆ ಅವರು ಬರೀ ಉತ್ತರ ಕೊಡುವವರಾಗಿ ಉಳಿಯುವುದಿಲ್ಲ, ನಮ್ಮ ಜೊತೆ ಯೋಚಿಸುತ್ತಾರೆ. ಯಂತ್ರಕ್ಕೆ ಹೊಳೆಯದ್ದು ಮಾವನಿಗೆ ಹೊಳೆದದ್ದು ಹಾಗೆ.

ಈಗ ನನ್ನ ತಂತ್ರಾಂಶದ ಪ್ರತಿ ಪ್ರಶ್ನೆಯ ಕೆಳಗೂ ‘ಯಾಕೆ?’ ಎಂಬ ಗುಂಡಿಯಿದೆ. ಬತ್ತಿದ ಬಾವಿಗೆ ಮಾತ್ರ ಅದರಲ್ಲಿ ಯಾವ ಪರಿಹಾರವೂ ಇಲ್ಲ.