ನಿಲ್ಲುವುದಕ್ಕೂ ಛಲ ಬೇಕು

ಬ್ರಹ್ಮಾವರದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಓಡಿದರೆ ಕುಂದಾಪುರ, ಹೆಮ್ಮಾಡಿ, ತ್ರಾಸಿ ದಾಟಿ ಮರವಂತೆ ಸಮೀಪಿಸುವಾಗ ಹೆಚ್ಚುಕಡಿಮೆ ಒಂದು ಮ್ಯಾರಥಾನ್ ಮುಗಿದಿರುತ್ತದೆ: 42.195 ಕಿಲೋಮೀಟರ್. ಅಷ್ಟು ದೂರಕ್ಕೆ ದೇಹವನ್ನು ಅಣಿಗೊಳಿಸಲು ತಿಂಗಳುಗಟ್ಟಲೆ ಬೇಕು. ಜನವರಿಯ ಮುಂಬೈ ಓಟಕ್ಕೆ ಹೆಸರು ಕೊಟ್ಟವರು ಮಳೆಗಾಲ ಪೂರ್ತಿ ಮುಗಿಯುವ ಮೊದಲೇ ಅಭ್ಯಾಸಕ್ಕೆ ಇಳಿಯುತ್ತಾರೆ. ನಡುವೆ ಒಂದು ದಿನ ಮೊಣಕಾಲಿನ ಕೆಳಗಿನ ಮೂಳೆ ನೋಯತೊಡಗುತ್ತದೆ. ತನಗೆ ತಾನೇ ಕೊಟ್ಟುಕೊಂಡ ಮಾತಿಗಾಗಿ ಆ ನೋವಿನಲ್ಲೂ ಓಡಬೇಕೇ?

ಓಡಬಾರದು ಎಂದೇ ನನ್ನ ಉತ್ತರ. ಹಾಗೆ ನಿಲ್ಲುವುದು ಮಾತು ತಪ್ಪಿದಂತೆಯೂ ಅಲ್ಲ.

ಹೃದಯ, ಶ್ವಾಸಕೋಶಗಳು ಕೆಲವು ವಾರಗಳಲ್ಲೇ ಹದಕ್ಕೆ ಬರುತ್ತವೆ. ಮೂಳೆ ನಿಧಾನ. ಭಾರ ಹೆಚ್ಚಿದಾಗ ಅದು ಸವೆದ ಭಾಗವನ್ನು ಮೊದಲು ಕರಗಿಸಿ ತೆಗೆಯುತ್ತದೆ. ಆ ಜಾಗದಲ್ಲಿ ಹೊಸ ಮೂಳೆ ತುಂಬಿ ಗಟ್ಟಿಯಾಗಲು ತಿಂಗಳುಗಳು ಹಿಡಿಯುತ್ತವೆ. ಹಾಗಾಗಿ ಅಭ್ಯಾಸ ಏರಿಸಿದ ಕೆಲವು ವಾರಗಳಲ್ಲಿ, ಉಸಿರು ಹಗುರಾಗಿ ಹುರುಪು ಹೆಚ್ಚಿದ ಹೊತ್ತಿನಲ್ಲೇ, ಮೂಳೆ ತಾತ್ಕಾಲಿಕವಾಗಿ ದುರ್ಬಲವಾಗಿರುತ್ತದೆ. ಆಗ ಬಿಡುವು ಕೊಡದಿದ್ದರೆ ಸಣ್ಣ ಬಿರುಕು ಸ್ಟ್ರೆಸ್ ಫ್ರ್ಯಾಕ್ಚರ್ ಆಗಬಹುದು. ಅಂದರೆ ಬಲ ಹುಟ್ಟುವುದು ಓಟದಲ್ಲಿ ಅಲ್ಲ, ಓಟದ ನಂತರದ ದುರಸ್ತಿಯಲ್ಲಿ. ವಿಶ್ರಾಂತಿಯನ್ನು ಅಭ್ಯಾಸದ ಲೆಕ್ಕದಿಂದ ಹೊರಗಿಡುವವರು ಅಭ್ಯಾಸದ ಅರ್ಧವನ್ನೇ ಬಿಟ್ಟುಬಿಡುತ್ತಾರೆ.

ನೋವಿಲ್ಲದೆ ದೂರದ ಓಟ ಉಂಟೇ ಎಂದು ಕೇಳಬಹುದು. ಇಲ್ಲ. ಆದರೆ ನೋವುಗಳೆಲ್ಲ ಒಂದೇ ಬಗೆಯವಲ್ಲ. ಮೈ ಬಿಸಿಯಾದಂತೆ ಕರಗುವ ಸ್ನಾಯುಗಳ ಬಿಗಿತ ಬೇರೆ. ಒಂದೇ ಬೆರಳಿಟ್ಟು ತೋರಿಸಬಹುದಾದ, ಓಡಿದಷ್ಟೂ ಹೆಚ್ಚುವ, ರಾತ್ರಿಯೂ ಬಿಡದ ನೋವು ಬೇರೆ. ಮೊದಲನೆಯದನ್ನು ಸಹಿಸಬಹುದು. ಎರಡನೆಯದಕ್ಕೆ ಓಟ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಅದನ್ನು ಮಾತ್ರೆಯಿಂದ ಅಡಗಿಸಿ ಓಡಿದರೆ ಎಚ್ಚರಿಕೆ ಅಡಗುತ್ತದೆ, ಬಿರುಕು ಬೆಳೆಯುತ್ತದೆ.

ಛಲದ ಮಾತು ಬಂದಾಗ ಅನಿಲ್ ಕುಂಬ್ಳೆ ನೆನಪಾಗುತ್ತಾರೆ. 2002ರ ಮೇ ತಿಂಗಳ ಆಂಟಿಗಾ ಟೆಸ್ಟ್‌ನಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾ ವಿಕೆಟ್ ಪಡೆದರು. ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಗಾಯಗೊಂಡ ಓಟಗಾರರಿಗೆ ಅದು ಮಾದರಿಯಾಗದು. ಅವತ್ತು ನಡೆಯುತ್ತಿದ್ದುದು ಪಂದ್ಯವೇ. ತಂಡಕ್ಕೆ ಅವರು ಆಗಲೇ ಬೇಕಿತ್ತು. ಬೌಲರ್‌ನ ಭಾರವನ್ನು ದವಡೆ ಹೊರುವುದಿಲ್ಲ. ಓಟಗಾರರ ಭಾರ ಬೀಳುವುದು ನೋಯುತ್ತಿರುವ ಮೂಳೆಯ ಮೇಲೆಯೇ. ಬಳಿಕ ಕುಂಬ್ಳೆ ಕೂಡ ಶಸ್ತ್ರಚಿಕಿತ್ಸೆಗಾಗಿ ಸರಣಿಯನ್ನು ಬಿಟ್ಟು ಊರಿಗೆ ಮರಳಿದರು. ಅಕ್ಟೋಬರ್‌ನ ಯಾವುದೋ ಬೆಳಗಿನ ಅಭ್ಯಾಸಕ್ಕಾಗಿ ಮೂಳೆ ಮುರಿದುಕೊಂಡರೆ ಆ ತ್ಯಾಗ ಯಾರಿಗೂ ಸಲ್ಲುವುದಿಲ್ಲ.

ಹಾಗಿದ್ದೂ ನಿಲ್ಲುವುದು ಏಕೆ ಇಷ್ಟು ಕಷ್ಟ? ಇದೇ ಕರಾವಳಿಯ ಮೀನುಗಾರರನ್ನು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಗಂಗೊಳ್ಳಿ ಬಂದರಿನಲ್ಲಿ ನಿಯಮದಂತೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಮೀನು ಮರಿ ಮಾಡುವ ಕಾಲವದು. ಸುಮ್ಮನಿರುವುದು ಮೀನುಗಾರರಿಗೆ ಸುಲಭವಲ್ಲ, ಸಂಪಾದನೆಯೇ ನಿಲ್ಲುತ್ತದೆ. ಆದರೂ ಪಕ್ಕದ ಬೋಟು ಮೀನು ತರುತ್ತಿದೆ, ನಾನು ಮಾತ್ರ ಹಿಂದುಳಿದೆ ಎಂಬ ಸಂಕಟ ಅಲ್ಲಿಲ್ಲ. ನಿಯಮ ಎಲ್ಲ ಯಾಂತ್ರಿಕ ಬೋಟುಗಳಿಗೂ ಒಂದೇ. ಗಾಯಗೊಂಡ ಓಟಗಾರರ ಪಾಡು ಹಾಗಲ್ಲ. ಜೊತೆಯವರು ಬೆಳಿಗ್ಗೆ ಹೆದ್ದಾರಿಯಲ್ಲಿ ಓಡುತ್ತಿರುವಾಗ ಒಬ್ಬರೇ ಮನೆಯಲ್ಲಿ ಕೂರಬೇಕು. ಕಾಲಿನ ನೋವಿಗಿಂತ ಹೆಚ್ಚು ಕಾಡುವುದು ಈ ಒಂಟಿತನ. ಎಷ್ಟೋ ಮಂದಿ ಗುಣವಾಗುವ ಮುನ್ನವೇ ಮತ್ತೆ ಓಡಲು ಹೊರಡುವುದು ಇದರಿಂದಲೇ.

ಆದ್ದರಿಂದ ನಿಲ್ಲುವ ನಿಯಮವನ್ನು ನೋವು ಬರುವ ಮೊದಲೇ, ಜೊತೆಯಾಗಿ ಓಡುವವರೆಲ್ಲ ಸೇರಿ ಮಾಡಿಕೊಳ್ಳಬೇಕು: ಯಾವ ನೋವಿಗೆ ನಿಲ್ಲುವುದು, ಮತ್ತೆ ಓಡಲು ಯಾರ ಒಪ್ಪಿಗೆ ಪಡೆಯುವುದು, ಅಲ್ಲಿಯವರೆಗೆ ವೈದ್ಯರು ಒಪ್ಪಿದ ಈಜೋ ಸೈಕಲ್ಲೋ ಏನು ಮಾಡುವುದು. ನೋವೂ ಓಟದ ದಿನವೂ ಒಟ್ಟಿಗೆ ಹತ್ತಿರವಾದಾಗ ಆಸೆಯೇ ತೀರ್ಪುಗಾರನಾಗಿಬಿಡುತ್ತದೆ. ಮೊದಲೇ ಒಪ್ಪಿಕೊಂಡ ನಿಯಮವಿದ್ದರೆ ನಿಂತವರು ಸೋತವರಂತೆ ಕಾಣುವುದಿಲ್ಲ, ಒಬ್ಬಂಟಿಯೂ ಆಗುವುದಿಲ್ಲ. ಮುಂಬೈಯ ಓಟ ಮುಂದಿನ ಜನವರಿಗೂ ಬರುತ್ತದೆ. ಅಂದು ಓಡಬಲ್ಲ ಕಾಲನ್ನು ಉಳಿಸಿಕೊಂಡವರೇ ಕೊಟ್ಟ ಮಾತನ್ನೂ ಉಳಿಸಿಕೊಂಡವರು.