ಯಂತ್ರಕ್ಕೆ ಲಿಂಗವೇಕೆ?

ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುವುದು. ಪುರುಷನನ್ನು ಹೇಳುವ ಶಬ್ದ ಪುಲ್ಲಿಂಗ, ಸ್ತ್ರೀಯನ್ನು ಹೇಳುವುದು ಸ್ತ್ರೀಲಿಂಗ, ಉಳಿದುದು ಸಾಮಾನ್ಯವಾಗಿ ನಪುಂಸಕ. ಸಂಸ್ಕೃತದ ರೀತಿ ಬೇರೆ. ಅಲ್ಲಿ ಪತ್ನಿಯನ್ನೇ ಹೇಳುವ 'ದಾರ' ಶಬ್ದವು ಪುಲ್ಲಿಂಗ, 'ಕಳತ್ರ'ವು ನಪುಂಸಕ. ಆದಕಾರಣ ಕನ್ನಡಿಗನು ಯಂತ್ರವೊಂದನ್ನು 'ಅವಳು' ಎಂದರೆ, ಅದು ವ್ಯಾಕರಣದ ನಿರ್ಬಂಧದಿಂದ ಬಂದ ಮಾತಲ್ಲ, ಅವನ ಮನಸ್ಸಿನಿಂದ ಬಂದುದೆಂದು ತಿಳಿಯಬೇಕು. ಯಂತ್ರಮಾನವರಿಗೆ, ಎಂದರೆ ರೋಬೋಟುಗಳಿಗೆ, ನಾವು ಲಿಂಗವನ್ನು ಆರೋಪಿಸುವುದೇಕೆಂಬ ವಿಚಾರವನ್ನು ಇಲ್ಲಿಂದಲೇ ಆರಂಭಿಸಬಹುದು.

2020ನೆಯ ಇಸವಿ ಜನವರಿಯಲ್ಲಿ ಇಸ್ರೋ ಸಂಸ್ಥೆಯವರು ಬೆಂಗಳೂರಿನಲ್ಲಿ 'ವ್ಯೋಮಮಿತ್ರ'ವೆಂಬ ಯಂತ್ರವನ್ನು ಪ್ರದರ್ಶಿಸಿದರು. ಗಗನಯಾನದ ಮಾನವರಹಿತ ಪರೀಕ್ಷೆಗಾಗಿ ರಚಿತವಾದ ಇದಕ್ಕೆ ಕಾಲುಗಳಿಲ್ಲ. ಆದರೆ ಮುಖವೂ ಕೇಶವೂ ಕಂಠವೂ ಸ್ತ್ರೀಯವು. ಸ್ನೇಹಿತನೆಂಬರ್ಥದ 'ಮಿತ್ರ' ಶಬ್ದವು ಸಂಸ್ಕೃತದಲ್ಲಿ ನಪುಂಸಕ. ಕನ್ನಡದಲ್ಲಿ ನಾವು 'ಮಿತ್ರನು' ಎನ್ನುವೆವು. ಇವೆರಡನ್ನೂ ಬಿಟ್ಟು ಜನರು ಮುಖವನ್ನು ನೋಡಿ 'ಅವಳು' ಎಂದರು. 2024ರ ಫೆಬ್ರವರಿಯಲ್ಲಿ ಅದೇ ಯಾನಕ್ಕೆಂದು ಹೆಸರಿಸಲ್ಪಟ್ಟ ನಾಲ್ವರೂ ವಾಯುಸೇನೆಯ ಪುರುಷರು. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾದುದಿಲ್ಲ. ಆದರೂ, ಮೊದಲಿನ ಪರೀಕ್ಷೆಗೆ ಸ್ತ್ರೀಯ ಪ್ರತಿಮೆ, ಅನಂತರದ ಯಾನಕ್ಕೆ ಸಾಕ್ಷಾತ್ ಪುರುಷ ಎಂಬ ಈ ಚಿತ್ರವು ನಮಗೆ ಅಷ್ಟು ಸಹಜವಾಗಿ ತೋರಿತಲ್ಲ, ಅದು ಚಿಂತಿಸತಕ್ಕ ವಿಷಯ.

ರೋಬೋಟೆಂಬ ಮಾತು ಲೋಕಪ್ರಸಿದ್ಧವಾದುದು ಚೆಕ್ ಲೇಖಕ ಕಾರೆಲ್ ಚಾಪೆಕನ 1920ರ ನಾಟಕದಿಂದ. ಬಿಟ್ಟಿಚಾಕರಿಯೆಂಬ ಅರ್ಥದ ಶಬ್ದವೇ ಅದರ ಮೂಲ. ಹೆಣ್ಣು ರೋಬೋಟುಗಳೇಕೆಂಬ ಪ್ರಶ್ನೆ ಆ ನಾಟಕದಲ್ಲಿಯೇ ಬರುತ್ತದೆ. ಮನೆಗೆಲಸಕ್ಕೂ ಅಂಗಡಿಗೂ ಬೆರಳಚ್ಚಿಗೂ ಜನರು ಹೆಣ್ಣನ್ನೇ ಕೇಳುವರೆಂಬುದು ಉತ್ತರ. 2019ರಲ್ಲಿ ಯುನೆಸ್ಕೋ ಪ್ರಕಟಿಸಿದ ವರದಿಯೊಂದು, ಮಾತನಾಡುವ ಸಹಾಯಕ ಯಂತ್ರಗಳಿಗೆ ಹೆಣ್ಣುದನಿಯನ್ನಿತ್ತು, ಬೈಗುಳಕ್ಕೂ ವಿನಯದಿಂದ ಉತ್ತರಿಸುವಂತೆ ಮಾಡಿದ್ದುದನ್ನು ಆಕ್ಷೇಪಿಸಿತು.

ಇದಕ್ಕೆ ಒಂದು ಪೂರ್ವಪಕ್ಷವುಂಟು. ಕಾವೇರಿಯನ್ನು ತಾಯಿಯೆನ್ನುವ ನಾವು, ಸೂರ್ಯನನ್ನು 'ಅವನು' ಎನ್ನುವ ನಾವು, ಯಂತ್ರವನ್ನು 'ಅವಳು' ಎಂದರೆ ದೋಷವೇನು? ದೋಷವು ಶಬ್ದದಲ್ಲಿಲ್ಲ, ಭಾವದಲ್ಲಿದೆ. ಕಾವೇರಿಯ ಮುಂದೆ ಕೈಮುಗಿಯುವೆವು. ಯಂತ್ರಕ್ಕೆ ಅಪ್ಪಣೆ ಮಾಡುವೆವು. ಅಪ್ಪಣೆಗೆ ಒಳಪಟ್ಟುದನ್ನೆಲ್ಲ ಹೆಣ್ಣೆನ್ನುವ ಅಭ್ಯಾಸವು ಬಲಿತರೆ, ಹೆಣ್ಣನ್ನು ಅಪ್ಪಣೆಗೆ ಒಳಪಟ್ಟವಳೆಂದು ಎಣಿಸುವ ಹಳೆಯ ಅಭ್ಯಾಸವೂ ಬಲಿಯುವುದು.

ಇಸ್ರೋ ಲೇಔಟನ್ನು ಮಗ್ಗುಲಲ್ಲಿಟ್ಟುಕೊಂಡಿರುವ ಕುಮಾರಸ್ವಾಮಿ ಲೇಔಟಿನಂತಹ ಬಡಾವಣೆಗಳ ಅನುಕೂಲವುಳ್ಳ ಮನೆಗಳಿಗೆ ನೆಲ ಗುಡಿಸುವ ಯಂತ್ರವು ಬರತೊಡಗಿದೆ. ಕಸಮುಸುರೆಗೆ ಬರುವ ಹೆಂಗಸೂ ಇದ್ದಾಳೆ. ಯಂತ್ರಕ್ಕೆ ಮುದ್ದಿನ ಹೆಸರಿಟ್ಟು 'ಅವಳು ಗುಡಿಸುತ್ತಿದ್ದಾಳೆ' ಎನ್ನುವ ನಾಲಗೆಯೇ, ಆ ಹೆಂಗಸು ತಡಮಾಡಿದ ದಿನ 'ಅದು ಇನ್ನೂ ಬರಲಿಲ್ಲ' ಎನ್ನುವುದುಂಟು. ಹಸಿವು, ನಿದ್ರೆ, ಬೆನ್ನುನೋವುಗಳಿಲ್ಲದ ವಸ್ತುವಿಗೆ ಸ್ತ್ರೀತ್ವವನ್ನು ಕೊಟ್ಟೆವು. ಅವೆಲ್ಲವೂ ಇರುವವಳಿಂದ ಮನುಷ್ಯತ್ವವನ್ನೇ ಕಿತ್ತುಕೊಂಡೆವು.

ಮಕ್ಕಳು ಯಂತ್ರವನ್ನು ಅಕ್ಕನೆಂದು ಕರೆದರೆ ಗದರಿಸಬೇಕಾದುದಿಲ್ಲ. ಆಟಕ್ಕೆ ಅಷ್ಟು ಸ್ವಾತಂತ್ರ್ಯವಿರಲಿ. ಆದರೆ 'ಅದು' ಎಂಬ ಸರ್ವನಾಮವು ಯಂತ್ರಕ್ಕೆ ಅವಮಾನವಲ್ಲ, ಮನುಷ್ಯರಿಗೆ ಅವಮಾನ. ಯಂತ್ರಕ್ಕೆ ಯಾವ ಲಿಂಗವೆಂದು ನಿರ್ಣಯಿಸುವ ಮೊದಲು, ಬಾಗಿಲಲ್ಲಿ ಬಂದು ನಿಂತವಳನ್ನು 'ಅವರು' ಎನ್ನುವುದನ್ನು ನಮ್ಮ ಮನೆಗಳು ಕಲಿಯಲಿ.